ಟಿಲ್ಲರ್ ಓಡಿದ ಮೂವತ್ತೊಂದು ಕಿಲೋಮೀಟರ್

ಜುಲೈ ಹದಿನಾಲ್ಕರಂದು ಪುಟ್ಟಸ್ವಾಮಿಯವರು ಎಲ್ಲಿಗೂ ಓಡಲಿಲ್ಲ. ಬೆಳಿಗ್ಗೆ ಏಳೂವರೆಯಿಂದ ಹನ್ನೆರಡು ಗಂಟೆಯವರೆಗೆ ತಮ್ಮ ಒಂದೂವರೆ ಎಕರೆ ಗದ್ದೆಯಲ್ಲಿ ಪವರ್ ಟಿಲ್ಲರಿನ ಹಿಂದೆ, ಮೊಣಕಾಲುದ್ದ ಕೆಸರಿನಲ್ಲಿ ನಡೆದರು. ಊಟಕ್ಕೆ ಕೂತಾಗ ಮೊಬೈಲ್ ನೋಡಿದರೆ, ಅವರು ಮೂವತ್ತೊಂದು ಕಿಲೋಮೀಟರ್ ಓಡಿದ್ದಾರೆಂದು ಅದು ಅಭಿನಂದಿಸುತ್ತಿತ್ತು.

ಹೀಗೇಕಾಯಿತೆಂದು ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಹೆಜ್ಜೆ ಎಣಿಸುವುದು ಕಾಲು ನೋಡಿ ಅಲ್ಲ, ಕೈಯ ಅಲುಗಾಟ ನೋಡಿ. ಟಿಲ್ಲರಿನ ಹ್ಯಾಂಡಲ್ ನಾಲ್ಕೂವರೆ ಗಂಟೆ ಬಿಡದೆ ಕೈ ಅದುರಿಸಿತ್ತು. ವಾಚ್ ಅದನ್ನು ಓಟವೆಂದು ತಾನೇ ತೀರ್ಮಾನಿಸಿ, ನಲವತ್ತೊಂದು ಸಾವಿರ ಹೆಜ್ಜೆ ಎಣಿಸಿ, ಒಂದು ಹೆಜ್ಜೆಗೆ ಇಷ್ಟು ಅಡಿ ಎಂದು ಗುಣಿಸಿ ದೂರ ಬರೆದುಕೊಂಡಿತ್ತು. ನಿಜಕ್ಕೂ ಅವರು ನಡೆದದ್ದು ಹತ್ತು ಕಿಲೋಮೀಟರ್ ಇದ್ದೀತು, ಅದೂ ನಡಿಗೆ.

ಅಳಿಸಬೇಕೆಂದುಕೊಂಡರು. ಆದರೆ ಕೈ ತೊಳೆದು ಬರುವಷ್ಟರಲ್ಲಿ ದಾಖಲೆ ತಾನಾಗಿ ಓಟಗಾರರ ಬಳಗದ ಪಟ್ಟಿ ಸೇರಿತ್ತು. ವಾಟ್ಸ್ಯಾಪ್ ಗುಂಪಿನಲ್ಲಿ ಹೂಗುಚ್ಛಗಳು ಸಾಲುಗಟ್ಟಿದ್ದವು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದೇ ದಿನ ಮೂವತ್ತೊಂದು ಕಿಲೋಮೀಟರ್ ಎಂದು ಬ್ಯಾಂಕಿನ ಮ್ಯಾನೇಜರ್ ಬರೆದಿದ್ದರು. ಸಂಜೆ ಅಳಿಸಿದರಾಯಿತು ಎಂದುಕೊಂಡರು. ಸಂಜೆ ನಾಳೆಯಾಯಿತು.

ಪುಟ್ಟಸ್ವಾಮಿಯವರ ತಂದೆ ಅರಕಲಗೂಡಿನ ಕಡೆಯಿಂದ ಕುಶಾಲನಗರದ ಬಳಿಗೆ ಬಂದು ಗದ್ದೆ ಮಾಡಿದವರು. ಮಗ ಅದೇ ನೆಲದಲ್ಲಿ ಭತ್ತ, ಶುಂಠಿ ಬೆಳೆಯುತ್ತಾರೆ. ಶುಂಠಿ ಮಂಡಿಯಲ್ಲಿ ಅವರಿಗೊಂದು ಹೆಸರಿದೆ. ಮಣ್ಣು ಅಂಟಿದ ಶುಂಠಿಯನ್ನೇ ಚೀಲಕ್ಕೆ ತುಂಬಿ ತೂಕ ಹೆಚ್ಚಿಸುವುದು ಸುತ್ತಲಿನವರಲ್ಲಿ ತೀರಾ ಅಪರೂಪವಲ್ಲ. ಇವರ ಚೀಲವನ್ನು ಮಾತ್ರ ವ್ಯಾಪಾರಿಗಳು ಬಿಚ್ಚಿ ನೋಡುವುದಿಲ್ಲ. ಮೂರು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಡಾಕ್ಟರು ನಡೆಯಲು ಹೇಳಿದರು. ನಡೆದರು, ಆಮೇಲೆ ಓಡಿದರು, ಬಳಗ ಸೇರಿದರು. ಅರವತ್ತು ಮಂದಿಯ ಆ ಬಳಗದಲ್ಲಿ ಮೇಷ್ಟ್ರು, ನರ್ಸು, ಅಂಗಡಿಯವರು, ಎಸ್ಟೇಟಿನವರು ಎಲ್ಲರೂ ಇದ್ದಾರೆ. ಯಾರ ದಾಖಲೆ ಸರಿ, ಯಾರದು ತಪ್ಪು ಎಂದು ನೋಡುವ ಕೆಲಸವನ್ನು ಪುಟ್ಟಸ್ವಾಮಿಯವರಿಗೆ ವಹಿಸಿದ್ದು ಮಂಡಿಯ ಆ ಹೆಸರು ಕೇಳಿಯೇ.

ಈ ಸಲ ಆ ಕೆಲಸಕ್ಕೆ ತೂಕ ಹೆಚ್ಚಿತ್ತು. ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ನಡೆಯುವ ಇಪ್ಪತ್ತೊಂದು ಕಿಲೋಮೀಟರಿನ ಬೆಟ್ಟದ ಓಟಕ್ಕೆ ಬಳಗ ತನ್ನ ಖರ್ಚಿನಲ್ಲಿ ಇಬ್ಬರು ಗಂಡಸರನ್ನೂ ಇಬ್ಬರು ಹೆಂಗಸರನ್ನೂ ಕಳಿಸಲಿತ್ತು. ಜುಲೈ ತಿಂಗಳಲ್ಲಿ ಅತಿ ಹೆಚ್ಚು ದೂರ ಓಡಿದವರಿಗೆ ಆ ಸ್ಥಾನ. ಹೆಂಗಸರಲ್ಲಿ ಜುಲೈ ಇಪ್ಪತ್ತರ ಹೊತ್ತಿಗೆ ಯಮುನ ಎಲ್ಲರಿಗಿಂತ ಮುಂದಿದ್ದಳು.

ಯಮುನಳಿಗೆ ಇಪ್ಪತ್ತಾರು ವರ್ಷ. ಸಿದ್ದಾಪುರದ ಬಳಿ ಹೊಳೆಯಂಚಿನ ಎಸ್ಟೇಟೊಂದರ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಮನೆ, ಅಲ್ಲಿಯೇ ಕೆಲಸ. ವಾಚ್ ಇಲ್ಲ. ಮೊಬೈಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡು ಓಡುತ್ತಿದ್ದಳು. ಬೆಳಿಗ್ಗೆ ಆನೆ ರಸ್ತೆ ಬಿಟ್ಟ ಸುದ್ದಿ ಬಂದ ಮೇಲೆ, ಕೆಲಸದ ಹಾಜರಿಗೆ ಮೊದಲು, ಅಷ್ಟೇ ಅವಳಿಗೆ ಸಿಗುವ ಹೊತ್ತು. ಸ್ವಂತ ಖರ್ಚಿನಲ್ಲಿ ಸಕಲೇಶಪುರಕ್ಕೆ ಹೋಗುವ ಮಾತೇ ಇರಲಿಲ್ಲ. ಅವಳನ್ನು ಬಳಗಕ್ಕೆ ಕರೆತಂದವರು ಸಿದ್ದಾಪುರದಲ್ಲಿ ನರ್ಸ್ ಆಗಿರುವ ವೀಣಾ.

ಜುಲೈ ಇಪ್ಪತ್ತೈದರಂದು ಹೈಸ್ಕೂಲ್ ಮೇಷ್ಟ್ರು ವಿಷ್ಣುಪ್ರಸಾದ್ ಪುಟ್ಟಸ್ವಾಮಿಯವರಿಗೆ ಒಂದು ಚಿತ್ರ ಕಳಿಸಿದರು. ಯಮುನಳ ಹಿಂದಿನ ದಿನದ ಓಟದ ನಕ್ಷೆ. ಹೊಳೆಯಂಚಿನ ತಿರುವೊಂದರಲ್ಲಿ ಅವಳ ಗೆರೆ ರಸ್ತೆ ಬಿಟ್ಟು ಕಾವೇರಿಗೆ ಇಳಿದು, ಆಚೆ ದಡ ಮುಟ್ಟಿ, ಮತ್ತೆ ಈಚೆ ಬಂದಿತ್ತು. ಆ ಒಂದು ಕಿಲೋಮೀಟರಿಗೆ ಅವಳು ತೆಗೆದುಕೊಂಡ ಸಮಯ ಎರಡು ನಿಮಿಷ ಒಂಬತ್ತು ಸೆಕೆಂಡ್. ಅಷ್ಟು ವೇಗವಾಗಿ ಯಾವ ಮನುಷ್ಯನೂ ಓಡಲಾರ. ವಾಹನವೇ ಇರಬೇಕು, ನೀವು ನೋಡಿ ಹೇಳಿ ಎಂದರು ಮೇಷ್ಟ್ರು.

ಪುಟ್ಟಸ್ವಾಮಿ ನೋಡಿದರು. ತಮ್ಮ ಟಿಲ್ಲರಿನ ದಾಖಲೆ ಪಟ್ಟಿಗೆ ಸೇರಿ ಆಗ ಹನ್ನೊಂದು ದಿನವಾಗಿತ್ತು. ಅದರ ಬಲದಿಂದಲೇ ಗಂಡಸರಲ್ಲಿ ಅವರು ಎರಡನೆಯ ಸ್ಥಾನದಲ್ಲಿದ್ದರು. ಇನ್ನೊಬ್ಬರ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರೆ ತನ್ನದು ಸ್ವಲ್ಪ ಸರಿಹೋಗುತ್ತದೆ ಎಂಬಂಥ ಭಾವನೆ ಆಗ ತನಗಿತ್ತು ಎಂದು ಅವರು ಈಗ ಒಪ್ಪಿಕೊಳ್ಳುತ್ತಾರೆ. ಯಮುನಳ ಆ ತಿಂಗಳ ದಾಖಲೆಯನ್ನೆಲ್ಲ ಪಟ್ಟಿಯಿಂದ ತೆಗೆದರು. ಗುಂಪಿನಲ್ಲಿ ಕಾರಣ ಬರೆದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದರು:

“ಸಿದ್ದಾಪುರ–ವಿರಾಜಪೇಟೆ ಬಸ್ಸು ಇಷ್ಟು ಚೆನ್ನಾಗಿ ಓಡುತ್ತೆ ಅಂತ ಗೊತ್ತಿರಲಿಲ್ಲ. ಬೆಟ್ಟದ ಓಟಕ್ಕೆ ಬಸ್ಸನ್ನೇ ಕಳಿಸೋಣ.”

ಹದಿನೇಳು ಮಂದಿ ನಕ್ಕರು. ವೀಣಾ ಮಾತ್ರ ಒಂದು ಪ್ರಶ್ನೆ ಹಾಕಿದರು: ಆ ಗೆರೆ ಹೊಳೆ ದಾಟಿದೆ, ಅಲ್ಲಿ ಸೇತುವೆ ಇಲ್ಲ, ಬಸ್ಸಾದರೂ ನೀರಿನ ಮೇಲೆ ಹೋಗುತ್ತದೆಯೇ? ಆ ಪ್ರಶ್ನೆ ಸರಿಯಾಗಿದೆ ಎಂದು ಪುಟ್ಟಸ್ವಾಮಿಯವರಿಗೆ ಓದಿದ ಕೂಡಲೇ ಹೊಳೆದಿತ್ತು. ಮೊಬೈಲನ್ನು ಮಗುಚಿಟ್ಟರು.

ಯಮುನ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಮರುದಿನ ಕೆಲಸ ಮುಗಿಸಿ ಫೋನ್ ಮಾಡಿದಳು. ಜಗಳವಾಡಲಿಲ್ಲ.

“ನಾನು ಓಡಿದ್ದೇ ಸಾರ್. ನೀವೇ ಒಂದ್ಸಲ ಬನ್ನಿ, ಆ ತಿರುವಲ್ಲಿ ನಡೀರಿ. ಆಮೇಲೆ ತೆಗೀರಿ ಬೇಕಾದ್ರೆ.”

ನೋಡೋಣ ಎಂದರು ಪುಟ್ಟಸ್ವಾಮಿ. ಗದ್ದೆ ನಾಟಿಯ ಕಾಲ, ಬಿಡುವಿಲ್ಲ ಎಂದೂ ಸೇರಿಸಿದರು. ಆ ರಾತ್ರಿ ಅವಳು ಗುಂಪು ಬಿಟ್ಟಳು.

ಆಗಸ್ಟ್ ಮೊದಲ ವಾರ ನೆಂಟರ ಮನೆಯ ನಾಮಕರಣದಲ್ಲಿ ಯಾರೋ ಪುಟ್ಟಸ್ವಾಮಿಯವರ ಬೆನ್ನು ತಟ್ಟಿ, ಮೂವತ್ತೊಂದು ಕಿಲೋಮೀಟರಿನ ಸರದಾರ ಎಂದು ಪಂಕ್ತಿಗೆಲ್ಲ ಪರಿಚಯಿಸಿದರು. ಎದುರು ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮುತ್ತಮ್ಮ ಎಲೆಯಿಂದ ತಲೆಯೆತ್ತಲಿಲ್ಲ. ಬೈಕಿನಲ್ಲಿ ಮನೆಗೆ ಬರುವಾಗ ಯಾವತ್ತು ಅಷ್ಟು ಓಡಿದ್ದು ಎಂದು ಕೇಳಿದರು. ಇವರು ತಾರೀಖು ಹೇಳಿದರು. ಅವತ್ತು ಗದ್ದೆಗೆ ಬುತ್ತಿ ಹೊತ್ತವರು ಮುತ್ತಮ್ಮನೇ. ಯಮುನಳ ವಿಷಯವೂ ಅವರಿಗೆ ತಿಳಿದಿತ್ತು. ಬಸ್ಸಿನ ಮಾತನ್ನು ಗಂಡ ತಾವಾಗಿಯೇ ನಗುತ್ತ ಓದಿ ಹೇಳಿದ್ದರು.

“ನಿಮ್ದು ಟಿಲ್ಲರ್ರು ಅಂತ ನಂಗೊತ್ತು,” ಎಂದರು ಮುತ್ತಮ್ಮ. “ಆ ಹುಡುಗೀದು ಬಸ್ಸು ಅಂತ ನಿಮ್ಗೆ ಹೆಂಗ್ ಗೊತ್ತಾಯ್ತು?”

ಎರಡು ದಿನ ಬಿಟ್ಟು ಪುಟ್ಟಸ್ವಾಮಿ ಸಿದ್ದಾಪುರಕ್ಕೆ ಹೋದರು. ಯಾರಿಗೂ ಹೇಳಲಿಲ್ಲ. ಬೈಕನ್ನು ರಸ್ತೆ ಬದಿ ನಿಲ್ಲಿಸಿ, ವಾಚಿನಲ್ಲಿ ಓಟದ ಗುಂಡಿ ಒತ್ತಿ ನಡೆದರು. ಒಂದು ಬದಿಗೆ ಗುಡ್ಡ ಕಡಿದ ದರೆ, ಇನ್ನೊಂದು ಬದಿಗೆ ಹೊಳೆ. ಮೇಲೆ ಬೀಟೆ, ಹಲಸು, ಸಿಲ್ವರ್ ಓಕ್ ಮರಗಳು ಸೇರಿ ಹಾಕಿದ ನೆರಳು. ಆಕಾಶ ಕಾಣುವುದು ನದಿಯ ಮೇಲೆ ಮಾತ್ರ. ಉಪಗ್ರಹದ ಸಂಕೇತ ಮರದೆಲೆ, ನೀರು, ದರೆಗಳಿಗೆ ತಾಗಿ ಚೆದುರುವ ಇಂಥ ಕಡೆ ಯಂತ್ರ ತಾನಿರುವ ಜಾಗವನ್ನು ಊಹಿಸುತ್ತದೆ. ಊಹಿಸಿದೆನೆಂದು ಹೇಳುವುದಿಲ್ಲ. ತಪ್ಪಿದ ಚುಕ್ಕಿಗಳನ್ನೂ ಗೆರೆಯಿಂದ ಜೋಡಿಸಿ ದೂರಕ್ಕೆ ಸೇರಿಸುತ್ತದೆ.

ತಿರುವು ದಾಟಿ ಒಂದು ಮೋರಿಯ ಮೇಲೆ ಕೂತು ಮೊಬೈಲ್ ತೆಗೆದರು. ನಕ್ಷೆಯಲ್ಲಿ ಅವರು ಕಾವೇರಿಯ ನಟ್ಟನಡುವೆ ಇದ್ದರು. ಬರಿ ನಡೆದವರು, ವಾಚಿನ ಲೆಕ್ಕದಲ್ಲಿ, ಆ ತುಣುಕನ್ನು ಯಮುನಳಿಗಿಂತ ಜೋರಾಗಿ ಓಡಿದ್ದರು. ಇನ್ನೊಂದು ಸಲ ಹಿಂದಕ್ಕೆ ಹೋಗಿ ನಡೆದರು. ಈ ಸಲ ಆಚೆ ದಡ ಮುಟ್ಟಿ ಬಂದಿದ್ದರು. ಅವಳು ಕೇಳಿಕೊಂಡ ಕೆಲಸಕ್ಕೆ ಹಿಡಿದದ್ದು ನಲವತ್ತು ನಿಮಿಷ. ಎರಡು ಕಿಲೋಮೀಟರ್ ದೂರದ ಲೈನಿಗೆ ಹೋಗಿ ಅವಳಿಗೆ ಹೇಳಬಹುದಿತ್ತು. ಬೈಕ್ ಅತ್ತ ತಿರುಗಿಸಿಯೂ ಇದ್ದರು. ಗೇಟಿನ ಹತ್ತಿರ ಹೆಂಗಸರು ಕೆಲಸ ಬಿಟ್ಟು ಬರುತ್ತಿರುವುದು ಕಂಡಿತು. ಅಷ್ಟು ಮಂದಿಯ ಎದುರು ಹೇಳಲು ಧೈರ್ಯ ಸಾಲದೆ ವಾಪಸಾದರು.

ಆ ಭಾನುವಾರ ಬೆಟ್ಟದ ಓಟಕ್ಕೆ ಹೆಸರು ಕೊಡುವ ಕೊನೆಯ ಸಭೆ. ಕುಶಾಲನಗರದ ಮೈದಾನದ ಪಕ್ಕದ ಹೋಟೆಲಿನ ಜಗುಲಿಯಲ್ಲಿ ಇಪ್ಪತ್ತೈದು ಮಂದಿ ಸೇರಿದ್ದರು. ಯಮುನಳ ಜಾಗಕ್ಕೆ ಮಡಿಕೇರಿಯ ಮೈತ್ರೇಯಿ ಎಂಬವರ ಹೆಸರು ಓದಿದಾಗ ಪುಟ್ಟಸ್ವಾಮಿ ಎದ್ದು ನಿಂತರು. ಮೊದಲು ತಮ್ಮದನ್ನೇ ಹೇಳಿದರು. ಗದ್ದೆ, ಟಿಲ್ಲರ್, ಅಳಿಸದೆ ಬಿಟ್ಟದ್ದು. ತಮ್ಮ ಹೆಸರು ತೆಗೆಯಿರಿ ಎಂದರು.

ಬೈಯುತ್ತಾರೆಂದು ಸಿದ್ಧರಾಗಿ ಬಂದಿದ್ದರು. ಜಗುಲಿಯೆಲ್ಲ ನಕ್ಕಿತು.

“ಪುಟ್ಟಸ್ವಾಮಣ್ಣ, ಟಿಲ್ಲರ್‌ಗೂ ಒಂದು ಟೀ ಶರ್ಟ್ ಹೊಲಿಸಾಣ ಬಿಡಿ,” ಎಂದರು ಬ್ಯಾಂಕ್ ಮ್ಯಾನೇಜರ್. “ಯಾವ ಸೈಜು?”

ನಗು ನಿಲ್ಲುವವರೆಗೆ ಅವರು ಕಾದರು. ಆಮೇಲೆ ಹೊಳೆ ತಿರುವಿನ ತಮ್ಮ ಎರಡು ನಕ್ಷೆಗಳನ್ನು ತೋರಿಸಿದರು. ಆಗ ಯಾರೂ ನಗಲಿಲ್ಲ. ಯಂತ್ರದ ದೋಷಕ್ಕೆ ಯಾರೇನು ಮಾಡಲಾಗುತ್ತದೆ ಎಂದರು ವಿಷ್ಣುಪ್ರಸಾದ್, ಕಪ್ಪನ್ನು ಬೆಂಚಿನ ಮೇಲೆ ತಿರುಗಿಸುತ್ತ. ಹಲವರು ತಲೆದೂಗಿದರು. ಮೈತ್ರೇಯಿ ತಾವಾಗಿಯೇ ಜಾಗ ಬಿಟ್ಟುಕೊಟ್ಟರು. ಯಮುನಳ ದಾಖಲೆ ಪಟ್ಟಿಗೆ ಮರಳಿತು. ಐದು ನಿಮಿಷದಲ್ಲಿ ಎಲ್ಲ ಮುಗಿದು, ಮಾತು ಮಳೆಗೆ, ಶೂಗಳಿಗೆ ಹೊರಳಿತು. ಬಸ್ಸಿನ ವಿಷಯ ಯಾರೂ ಎತ್ತಲಿಲ್ಲ. ಅವತ್ತು ನಕ್ಕಿದ್ದ ಹದಿನೇಳು ಮಂದಿಯಲ್ಲಿ ಹೆಚ್ಚಿನವರು ಅಲ್ಲೇ ಇದ್ದರು. ಪುಟ್ಟಸ್ವಾಮಿಯವರೂ ಎತ್ತಲಿಲ್ಲ. ಇಷ್ಟು ಹಗುರವಾಗಿ ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನ ಮನೆ ಮುಟ್ಟುವವರೆಗೂ ಇತ್ತಂತೆ. ಅದನ್ನು ಹೇಳುವಾಗ ಅವರು ನೆಲ ನೋಡುತ್ತಾರೆ.

ಸಂಜೆ ಗುಂಪಿನಲ್ಲಿ ಹೀಗೆ ಬರೆದರು: ಮೊಬೈಲಿನ ತಾಂತ್ರಿಕ ದೋಷದಿಂದ ಯಮುನ ಅವರ ದಾಖಲೆ ತಪ್ಪಾಗಿ ತೆಗೆಯಲ್ಪಟ್ಟಿತ್ತು, ಈಗ ಸರಿಪಡಿಸಲಾಗಿದೆ, ವಿಷಾದವಿದೆ. ಯಮುನ ಗುಂಪಿನಲ್ಲಿ ಇರಲಿಲ್ಲ. ವೀಣಾ ಅದನ್ನು ಅವಳಿಗೆ ತೋರಿಸಿದರು. ಮರುದಿನ ಅವಳ ಫೋನ್ ಬಂತು. ಜಾಗ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂದಳು. ಪುಟ್ಟಸ್ವಾಮಿ ಮತ್ತೆ ಉಪಗ್ರಹ, ಮರದ ನೆರಳು ಎಂದು ವಿವರಿಸತೊಡಗಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

“ಹೊಳೆಗೆ ಹೋಗಿದ್ದು ಮೊಬೈಲ್ ತಪ್ಪು, ಸರಿ. ಬಸ್ಸಿನ ಮಾತು ಮೊಬೈಲ್ ಬರೀಲಿಲ್ಲ ಅಲ್ವ ಸಾರ್.”

ಅವಳು ಮುಂದುವರಿಸಿದಳು.

“ನಮ್ಮ ಲೈನಲ್ಲಿ ಎಲ್ರೂ ಓದಿದಾರೆ. ಈಗ ನಾನು ಓಡ್ತಾ ಹೋದ್ರೆ ಆಳುಗಳ ಪಿಕಪ್ ಗಾಡಿಯಿಂದ ಬಸ್ಸು ಬಂತು, ಬಸ್ಸು ಬಂತು ಅಂತಾರೆ. ನೀವು ಎಲ್ಲಿ ಬರೆದ್ರೋ ಅದರ ಕೆಳಗೇ ಬರೀರಿ. ನಿಮ್ಮ ಮಾತಲ್ಲೇ.”

ಪುಟ್ಟಸ್ವಾಮಿ ಜುಲೈ ಇಪ್ಪತ್ತೈದರವರೆಗೆ ಹಿಂದಕ್ಕೆ ಜರುಗಿಸಿ ಆ ಸಾಲನ್ನು ಹುಡುಕಿದರು. ಅದಕ್ಕೆ ಉತ್ತರವಾಗಿ ಬರೆಯಲು ಒಂದು ಗಂಟೆ ಹಿಡಿಯಿತು. ಎರಡು ಸಲ ‘ತಮಾಷೆಗೆ’ ಎಂಬ ಪದ ಬಂತು, ಎರಡು ಸಲವೂ ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು: “ಇದನ್ನು ಬರೆದವನು ನಾನು. ಯಮುನ ಓಡಿದ್ದಳು. ನಾನು ಓಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವಳು ಬಂದು ನೋಡಿ ಅಂದಾಗ ಹೋಗಲಿಲ್ಲ. ಲೈನಿನ ಹುಡುಗಿ ಅಂತ ಬಸ್ಸಿನ ಮಾತು ಆಡಿದೆ. ಬ್ಯಾಂಕಿನವರಿಗಾಗಿದ್ದರೆ ಆಡುತ್ತಿರಲಿಲ್ಲ.”

ಮುತ್ತಮ್ಮ ಓದಿ, ಕಳಿಸಿ ಎಂದರು. ಕಳಿಸಿದರು. ಈ ಸಲ ನಗುವಾಗಲಿ ಹೂಗುಚ್ಛವಾಗಲಿ ಬರಲಿಲ್ಲ. ಮೂವರು ಗುಂಪು ಬಿಟ್ಟರು. ದಾಖಲೆ ನೋಡುವ ಕೆಲಸವನ್ನು ಅವರು ವೀಣಾ ಅವರಿಗೆ ಒಪ್ಪಿಸಿದರು.

ಬೆಟ್ಟದ ಓಟದ ದಿನ ಬಳಗದ ವ್ಯಾನಿನಲ್ಲಿ ಯಮುನಳಿಗೆ ಸೀಟು ಇಟ್ಟಿದ್ದರು. ಅವಳು ವೀಣಾ ಅವರ ಸ್ಕೂಟರಿನಲ್ಲಿ ಹೋದಳು. ಹೆಂಗಸರಲ್ಲಿ ಆರನೆಯವಳಾಗಿ ಮುಗಿಸಿದಳು. ಗುಂಪಿಗೆ ಮರಳಿ ಸೇರಿಲ್ಲ. ಪುಟ್ಟಸ್ವಾಮಿಯವರು ಅವಳ ಸಮಯ ಎಷ್ಟೆಂದು ಬೇರೆಯವರಿಂದ ಕೇಳಿ ತಿಳಿದುಕೊಂಡರು. ಅಭಿನಂದಿಸಲು ಒಮ್ಮೆ ನಂಬರ್ ತೆಗೆದಿದ್ದರು, ಮಾಡಲಿಲ್ಲ. ತನ್ನಿಂದ ಹೊಗಳಿಕೆ ಕೇಳಿಸಿಕೊಳ್ಳುವ ಕಷ್ಟವನ್ನೂ ಅವಳಿಗೆ ಯಾಕೆ ಕೊಡಲಿ ಎಂದು ಮುತ್ತಮ್ಮನ ಹತ್ತಿರ ಹೇಳಿದರಂತೆ.