ಎಳೆಗೆ ಎಳೆ ಹೊಸೆದ ಬೇಸಿಗೆ

ಮಕ್ಕಳೇ, ಸಾಸ್ತಾನದಲ್ಲಿ ರಸ್ತೆ ಬದಿಗೆ ನಿಂತರೆ ಈಗ ಕೇಳುವುದು ಲಾರಿಗಳ ಹಾರನ್ ಮಾತ್ರ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಆ ಕಾಲದಲ್ಲಿ ನಮ್ಮ ಮನೆಯ ಬೇಲಿಯಾಚೆಯಿಂದ ದಿನವಿಡೀ ಟಕ್ ಟಕಾ, ಟಕ್ ಟಕಾ ಎಂದು ಸದ್ದು ಬರುತ್ತಿತ್ತು. ಅದು ಸೀರೆ ನೇಯುವ ನರಸಣ್ಣನ ಮನೆ. ಸದ್ದು ನಿಂತಿತೆಂದರೆ ನಮ್ಮಮ್ಮ, "ಅವ್ರ್ ಊಟಕ್ ಎದ್ರ್ ಕಾಣತ್ತ್" ಎಂದು ನಮಗೂ ಬಡಿಸುತ್ತಿದ್ದಳು.

ಶಾಲೆಯಲ್ಲಿ ನಾನು ಬಾಯಿ ಬಿಡದ ಹುಡುಗಿ. ಮಾಸ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಲ್ಲುತ್ತಿದ್ದೆ. ಮಗ್ಗದ ಮನೆಯಲ್ಲಿ ಮಾತ್ರ ನನಗೆ ಮಾತು ಬರುತ್ತಿತ್ತು. ಅಲ್ಲಿ ಮಾತಾಡುವಾಗ ಯಾರೂ ನಿಮ್ಮ ಮುಖ ನೋಡುವುದಿಲ್ಲ. ಎಲ್ಲರ ಕಣ್ಣೂ ಎಳೆಯ ಮೇಲೆ.

ಆ ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಎದ್ದವಳೇ ಬೇಲಿ ದಾಟುತ್ತಿದ್ದೆ. ನರಸಣ್ಣ ತೆಂಗಿನ ಮರಗಳ ನಡುವೆ ಉದ್ದಕ್ಕೆ ನೂಲು ಹಾಸಿ, ಕುಂಚದಿಂದ ಅಕ್ಕಿಗಂಜಿ ಬಳಿಯುತ್ತಿದ್ದ. ಒದ್ದೆ ನೂಲಿನ ಹುಳಿಹುಳಿ ವಾಸನೆ ನನಗೆ ಈಗಲೂ ಗಂಜಿ ಬಸಿಯುವಾಗ ನೆನಪಾಗುತ್ತದೆ.

"ನರಸಣ್ಣ, ನೂಲಿಗೆ ಗಂಜಿ ಎಂತಕ್ಕೆ?"

"ನಿಂಗ್ ಬೆಳಿಗ್ಗೆ ಗಂಜಿ ಬೇಡ್ದಾ? ಕುಡೀದೆ ಶಾಲಿಗ್ ಹೋರೆ ಬೀಳ್ತಿ. ಇದೂ ಹಾಂಗೆ, ಕುಡೀದೆ ಮಗ್ಗಕ್ ಹೋರೆ ಕಡಿತ್ತ್."

ಅಂಚಿನ ಕೆಂಪು ನೂಲನ್ನು ಅವನ ಹೆಂಡತಿ ಗಿರಿಜಕ್ಕ ಹಿತ್ತಿಲಿನ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅದ್ದುತ್ತಿದ್ದಳು. ಅವಳ ಕೈ ಮೊಣಕೈವರೆಗೂ ಕೆಂಪು. ಬಣ್ಣದ ನೀರಿಗೆ ಅವಳು ಹಿಡಿ ಹಿಡಿ ಉಪ್ಪು ಹಾಕಿದಾಗ ನಾನು ಕಣ್ಣರಳಿಸಿದೆ. "ಉಪ್ಪಿಲ್ದಿರೆ ಬಣ್ಣ ನೂಲಿಗೆ ಹಿಡೀತಿಲ್ಲ ಮಾರಾಯ್ತಿ" ಎಂದವಳು, ಸೌಟಿನಲ್ಲಿ ಬಣ್ಣದ ನೀರು ಎತ್ತಿ, "ರುಚಿ ಕಾಣ್ತ್ಯಾ?" ಎಂದು ಅಟ್ಟಿಸಿಕೊಂಡು ಬಂದಳು.

ಆದರೆ ನನ್ನ ಜಾಗ ಒಳಗೆ, ನರಸಣ್ಣನ ಅಮ್ಮನ ಪಕ್ಕದಲ್ಲಿ. ನಾವೆಲ್ಲ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ನೇಯ್ದು ಮುಗಿದಾಗ ನೇಕಾರರು ಎಳೆಗಳನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಗೇಣುದ್ದ ತುದಿಗಳನ್ನು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗಳಿಗೆ ಸಾಲು ತಪ್ಪದಂತೆ, ಜಾರದಿರಲೆಂದು ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಸೇರಿಸಬೇಕು. ಆ ಮನೆಯಲ್ಲಿ ಮೂರು ಮಗ್ಗ. ಮೂರಕ್ಕೂ ಎಳೆ ಹೊಸೆಯುವವರು ಅಜ್ಜಿಯೇ.

"ಹಾಂಗಾರೆ ಮೊದಲಿನ ಎಳೆ ಯಾರ್ ಹಾಕಿದ್ದ್ ಅಜ್ಜಿ?"

"ನನ್ನ ಅತ್ತೆಗೂ ಗೊತ್ತಿರ್ಲಿಲ್ಲ. ನಾ ಮದಿ ಆಯಿ ಬಪ್ಪತಿಗೂ ಈ ಮಗ್ಗ ಬರಿದಾಯ್ ಇರ್ಲಿಲ್ಲ."

ಒಂದು ದಿನ ನರಸಣ್ಣ, "ಅಮ್ಮ, ಕಣ್ಣ್ ಮಂಜಾಯ್ತಾ ಎಂತ? ಸಾಕ್, ಇನ್ ಜಗಲಿ ಮೇಲ್ ಕೂಕಣಿ, ಗಿರಿಜ ಮಾಡ್ತ್‌ಳ್" ಎಂದ. ಅಜ್ಜಿ ತಲೆ ಎತ್ತಲಿಲ್ಲ. "ನನ್ ಕಣ್ಣಿಗ್ ಎಂತ ಆಯ್ತ್? ಜಗಲಿ ಮೇಲ್ ಕೂಕಂಡ್ ಕಾಗಿ ಓಡ್ಸ್ಕಾ ನಾನ್?" ಎಂದವರು ಮೊದಲಿಗಿಂತ ಬೇಗಬೇಗ ಹೊಸೆಯತೊಡಗಿದರು. ಜಗಲಿ ಎಂದರೆ ಅವರಿಗೆ ಎಷ್ಟು ಭಯ ಎಂದು ನನಗೆ ಆಗ ಕಂಡಿತು.

ಆಮೇಲೆ ಅಜ್ಜಿ ನನ್ನನ್ನು ಇನ್ನೂ ಹತ್ತಿರ ಕೂರಿಸಿಕೊಂಡರು. ಅಂಚಿನ ಬಳಿ ಬಂದಾಗಲೆಲ್ಲ ಒಂದು ಎಳೆ ಎತ್ತಿ, ಮಾಸ್ಟ್ರ ಹಾಗೆ ಕೇಳುತ್ತಿದ್ದರು: "ಹೇಳ್ ಕಾಂಬ, ಇದ್ ಎಂತ ಬಣ್ಣ?"

"ಕೆಂಪು!"

"ಇದ್?"

"ಬಿಳಿ!"

"ಹುಷಾರಿದ್ದಿ ನೀ."

ಶಾಲೆಯಲ್ಲಿ ಒಂದು ದಿನವೂ ಸಿಗದ ಆ ಮಾತಿಗಾಗಿ ನಾನು ಗಂಟೆಗಟ್ಟಲೆ ಕೂರುತ್ತಿದ್ದೆ. ಇಷ್ಟು ಸುಲಭದ ಪ್ರಶ್ನೆಯನ್ನೇ ಮತ್ತೆ ಮತ್ತೆ ಯಾಕೆ ಕೇಳುತ್ತಾರೆ ಎಂದು ಮಾತ್ರ ಹೊಳೆಯಲಿಲ್ಲ.

ಹಲಸಿನ ಹಪ್ಪಳದ ದಿನ ಬಂತು. ಅಮ್ಮ ನನ್ನನ್ನು ಬಿಡಲಿಲ್ಲ. "ಎಂತ, ಅವ್ರ್ ಮನೀಗೇ ಮಗಳಾಯಿ ಹೋತ್ಯಾ? ಕೂಕೋ ಇಲ್ಲೆ, ಉಂಡಿ ಮಾಡ್." ಸಂಜೆ ಎಣ್ಣೆಕೈ ಒರೆಸಿಕೊಂಡು ಬೇಲಿ ದಾಟಿದೆ. ಅಜ್ಜಿ ಸ್ನಾನಕ್ಕೆ ಹೋಗಿದ್ದರು. ಗಿರಿಜಕ್ಕ ಒಬ್ಬಳೇ ಮಗ್ಗದ ಮೇಲೆ ಬಗ್ಗಿ, ಅಜ್ಜಿ ಅಂದು ಹೊಸೆದಿದ್ದ ಎಳೆಗಳಲ್ಲಿ ಕೆಲವನ್ನು ಬಿಚ್ಚುತ್ತಿದ್ದಳು. ನೋಡಿದೆ. ಬಿಳಿ ಎಳೆಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಸೇರಿತ್ತು. ಹಾಗೇ ನೇಯ್ದಿದ್ದರೆ ಸೀರೆಯ ಮೈಯುದ್ದಕ್ಕೂ ಕೆಂಪು ಗೀರು ಬೀಳುತ್ತಿತ್ತು.

ಅಜ್ಜಿಯ ಪ್ರಶ್ನೆಯ ಅರ್ಥ ನನಗೆ ಆಗ ಆಯಿತು.

"ಗಿರಿಜಕ್ಕ, ಅಜ್ಜಿಗೆ ಬಣ್ಣ ಕಾಣ್ತಿಲ್ಯಾ?"

ಅವಳು ಬಚ್ಚಲ ಕಡೆ ನೋಡಿ ದನಿ ತಗ್ಗಿಸಿದಳು. "ಹೋದ್ ವರ್ಷದಿಂದ್ಲೇ ಕಾಣ್ತಿಲ್ಲ. ನಂಗ್ ಗೊತ್ತಿತ್ತ್. ನಂಗ್ ಗೊತ್ತಿತ್ತ್ ಅಂದೇಳಿ ಅವ್ರಿಗ್ ಗೊತ್ತಾಪ್ದ್ ಬೇಡ."

"ನರಸಣ್ಣಂಗೆ?"

"ಅವ್ರಿಗ್ ಹೇಳ್ರೆ ನಾಳಿಗೇ ಜಗಲಿ. ಈ ಕೆಲ್ಸ ಇತ್ತ್ ಅಂದೇಳಿಯೇ ಅತ್ತೆ ಬೆಳಿಗ್ಗೆ ಏಳ್ತ್ರ್." ಬಿಚ್ಚಿದ ಒಂದು ಎಳೆಯನ್ನು ನನ್ನ ಕೈಗೆ ಕೊಟ್ಟಳು. "ಬೂದಿ ಮುಟ್ಟ್. ಹೊಸಿ. ಹಾಂ, ಹಾಂಗೆ. ನಾಳೆ ಬೇಗ ಬಾ. ಅಮ್ಮನ ಹತ್ರ ನಾ ಹೇಳ್ತೆ."

ಏನು ಹೇಳಿದಳೋ, ಅಮ್ಮ ಮತ್ತೆ ತಡೆಯಲಿಲ್ಲ. ಮರುದಿನ ಅಜ್ಜಿ ಎಳೆ ಎತ್ತಿ ಕೇಳಿದಾಗ ನಾನು ಮೊದಲಿನ ಹಾಗೆಯೇ ಕೂಗಿದೆ, "ಕೆಂಪು!" ಗಿರಿಜಕ್ಕ ಆಚೆ ಮಗ್ಗದಲ್ಲಿ ಲಾಳಿ ಎಸೆಯುತ್ತ, "ಮೆಲ್ಲ ಹೇಳೆ, ಪಕ್ಕದ್ ಊರ್ ಕೋಟದವ್ರಿಗೂ ಕೇಂತ್" ಎಂದಳು. ಅಜ್ಜಿ ನಕ್ಕರು. ಆ ರಜೆ ಮುಗಿದ ಮೇಲೂ, ಶಾಲೆ ಬಿಟ್ಟು ಬಂದವಳು ಚೀಲ ಎಸೆದು ಅಲ್ಲಿಗೇ ಓಡುತ್ತಿದ್ದೆ. ಅಜ್ಜಿ ಕಡೆಯವರೆಗೂ ಜಗಲಿ ಸೇರಲಿಲ್ಲ.

ನಾವು ಹೊಸೆದ ಆ ಜಾಗ ಯಾವ ಸೀರೆಯಲ್ಲೂ ಇಲ್ಲ ಮಕ್ಕಳೇ. ನೇಯ್ಗೆ ಶುರುವಾಗುವ ಮೊದಲೇ ಅದು ಮುಂದೆ ಸರಿದು, ಕತ್ತರಿಗೆ ಸಿಕ್ಕಿ, ದೇವರ ದೀಪದ ಬತ್ತಿಯಾಗುತ್ತಿತ್ತು. ನಿಮಗೆ ತೋರಿಸೋಣವೆಂದರೆ ನನ್ನ ಬಳಿ ಏನೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಆ ಮನೆಗೆ ಹೋಗಿದ್ದೆ. ನರಸಣ್ಣ ಇಲ್ಲ. ನೇಯುವಾಗ ಕಾಲು ಇಳಿಬಿಡುತ್ತಿದ್ದ ಮಗ್ಗದ ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ, ಅದರ ಮೇಲೆ ಸೋಫಾ. ತಲೆ ಪೂರ್ತಿ ನರೆತ ಗಿರಿಜಕ್ಕ ಮೂಲೆಯಿಂದ ಒಂದು ಗಂಟು ತರಿಸಿ ಬಿಚ್ಚಿದಳು. ಕಡೆಯ ಮಗ್ಗದ ಹಣಿಗೆ, ಎಳೆಗಳನ್ನು ಸಾಲಾಗಿ ಹಿಡಿದಿಡುವ ಬಾಚಣಿಗೆಯಂಥ ಚೌಕಟ್ಟು. ಮುಂದೆ ಹಾಸು ಬರುವುದಿಲ್ಲವೆಂದು ಗೊತ್ತಿದ್ದೂ, ಕಡೆಯ ಸೀರೆ ಕೊಯ್ಯುವಾಗ ಅವಳು ರೂಢಿಯಂತೆ ಗೇಣುದ್ದ ಎಳೆ ಉಳಿಸಿದ್ದಳು. ಅವು ಹಾಗೇ ನೇತಾಡುತ್ತಿದ್ದವು. ಯಾರೂ ಬಂದು ಹೊಸೆಯದ ತುದಿಗಳು.

ಗಿರಿಜಕ್ಕ ಒಂದು ಎಳೆಯನ್ನು ಬೆರಳಿನಿಂದ ತಡವಿ ಎತ್ತಿದಳು.

"ಹೇಳ್ ಕಾಂಬ, ಇದ್ ಎಂತ ಬಣ್ಣ?"

ತಮಾಷೆಗೆ ಕೇಳಿದಳೋ, ಅವಳಿಗೂ ಕಾಣುತ್ತಿರಲಿಲ್ಲವೋ, ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತು, ಆ ದೊಡ್ಡ ದನಿಯಲ್ಲೇ ಹೇಳಿದೆ.

"ಕೆಂಪು, ಗಿರಿಜಕ್ಕ."