ದೊಡ್ಡಮ್ಮನ ಹಿತ್ತಲ ಸರ್ಕಾರಿ ಮರ

ಮೊನ್ನೆ ಬಂಗಾರಪೇಟೆಯ ನರ್ಸರಿಯಿಂದ ಒಂದು ಶ್ರೀಗಂಧದ ಸಸಿ ತಂದೆ. ಗಂಧಕ್ಕೆ ಒಂಟಿಯಾಗಿ ಬದುಕೋಕೆ ಬರೋದಿಲ್ಲವಂತೆ, ಅದೇ ಚೀಲದಲ್ಲಿ ಜೊತೆಗೊಂದು ತೊಗರಿ ಗಿಡವನ್ನೂ ಊರಿದ್ದರು. ನೆಡುವ ಮೊದಲೇ ನನಗೆ ಕಳ್ಳರ ಚಿಂತೆ ಹತ್ತಿತು. ಗೇಣುದ್ದದ ಸಸಿ, ಅದು ಒಳಗೆ ಪರಿಮಳದ ಚೇಗು ಕಟ್ಟುವ ಹೊತ್ತಿಗೆ ನಾನೇ ಇರುತ್ತೇನೋ ಇಲ್ಲವೋ... ಆಗ ನೆನಪಾದಳು, ಪಕ್ಕದ ಮನೆಯ ದೊಡ್ಡಮ್ಮ.

ಎಪ್ಪತ್ತರ ದಶಕದ ಕೊನೆಯ ಮಾತು. ಅವಳ ಹಿತ್ತಲಲ್ಲಿ ಒಂದು ಗಂಧದ ಮರವಿತ್ತು. ಆಗಿನ ಕಾನೂನಿನಲ್ಲಿ ಗಂಧ ಯಾರ ನೆಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಕಾಯುವ ಕೆಲಸ ಮಾತ್ರ ನೆಲದವರದು. ಕಳುವಾದರೆ ಜವಾಬು ಹೇಳಬೇಕಾದವರೂ ಅವರೇ. ದೊಡ್ಡಮ್ಮನೋ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ರೈಲು ಹತ್ತಿ ಚಿನ್ನದ ಗಣಿ ಕೆಲಸಗಾರರ ಉರಿಗಾಂ ಲೈನುಮನೆಗಳಿಗೆ ಹೋಗುವವಳು. ಕಾಯುವುದೆಲ್ಲಿಂದ ಬಂತು? ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಮರಕ್ಕೆ ಹಳದಿ ದಾರ ಸುತ್ತಿ ಗಂಗಮ್ಮ ಅಂದುಬಿಟ್ಟಳು.

ಮರಕ್ಕೆ ನಂಬರು ಬರೆಯಲು ಬಂದ ಫಾರೆಸ್ಟ್ ಗಾರ್ಡೂ ಚಪ್ಪಲಿ ಬಿಟ್ಟು ಕೈ ಮುಗಿದೇ ಬಣ್ಣದ ಡಬ್ಬಿ ತೆರೆದ. ಪಕ್ಕದಲ್ಲಿ ನಿಂತಿದ್ದ ಹುಡುಗ ನನ್ನತ್ತ ದೊಡ್ಡಮ್ಮ ತಿರುಗಿದಳು.

"ನೋಡ್ಲಾ, ಸರ್ಕಾರಾನೇ ಕೈ ಮುಗೀತು. ಇನ್ನ ಕಳ್ಳ ಯಾವ ಲೆಕ್ಕ? ನೀನ್ಯಾಕ್ಲಾ ಮಕ ಇಂಗ್ ಮಾಡ್ಕಂಡಿದ್ದೀಯ?"

ಚಿಂತೆ ಆಗಲೇ ನನ್ನ ಕಸುಬಾಗಿತ್ತು.

ಒಂದು ದಿನ ಅವಳು ಹಾಲು ಕೊಟ್ಟು ಬರುವಷ್ಟರಲ್ಲಿ ಮರವಿರಲಿಲ್ಲ. ಮೊಂಡು ಬುಡದ ಮುಂದೆ ಒಡೆದ ತೆಂಗಿನಕಾಯಿ, ಉರಿದ ಕರ್ಪೂರದ ಕಪ್ಪು. ಕಳ್ಳರೂ ಭಕ್ತರೇ, ಅಮ್ಮನ ಅಪ್ಪಣೆ ಕೇಳಿಕೊಂಡೇ ಕಡಿದಿದ್ದರು.

ಗಾರ್ಡಿನ ಜೊತೆ ಬಂದ ಸಾಹೇಬರು ಕೇಳಿದ್ದು ಒಂದೇ ಮಾತು: "ಯಾರಿಗೆ ಮಾರಿದೆ?"

"ಮರ ನಿಮ್ದು ಅಂತ ನಂಬ್ರು ಬರ್ದೋರು ನೀವು. ಸಗಣಿ ಬಾಚಿ, ನೀರು ಉಯ್ದು ಸಾಕ್ದೋಳು ನಾನು. ಕಳ್ಳೀನೂ ನಾನೇನಾ ಸ್ವಾಮಿ?"

ಅವಳನ್ನು ಬಂಗಾರಪೇಟೆಗೆ ಕರೆದೊಯ್ದು ಕಚೇರಿಯ ಜಗಲಿಯ ಮೇಲೆ ಸಂಜೆವರೆಗೂ ಕೂರಿಸಿದರು. ಇಲ್ಲಿ ಕೆಚ್ಚಲು ಬಿಗಿದ ಹಸುಗಳು ಕೂಗುತ್ತಲೇ ಇದ್ದವು... ಕೊನೆಗೆ ಬಿಟ್ಟು ಕಳಿಸಿದರು. ಬಂದವಳೇ ನೇರ ಕೊಟ್ಟಿಗೆಗೆ ಹೋಗಿ ಹಾಲು ಕರೆಯಲು ಕೂತಳು.

ಆಮೇಲೆ ಹಿತ್ತಲಲ್ಲಿ ಎಲ್ಲಿ ಹಕ್ಕಿ ಬೀಜ ಹಾಕಿ ಗಂಧದ ಸಸಿ ಎದ್ದರೂ ಎರಡೆಲೆ ಬಿಡುವ ಮೊದಲೇ ಬೇರುಸಮೇತ ಕಿತ್ತೆಸೆಯುತ್ತಿದ್ದಳು. "ಸರ್ಕಾರದ ಕೂಸು ನಮ್ಗ್ಯಾಕ್ಲಾ?" ಬದುಕಿರುವವರೆಗೂ ಆ ಕೈ ನಿಲ್ಲಲಿಲ್ಲ. ಕಾಡು ಕಾಯಲೆಂದು ಬಂದ ಕಾನೂನು ಅವಳೊಬ್ಬಳಿಂದಲೇ ಎಷ್ಟು ಮರ ಕೀಳಿಸಿತೋ...

ಈಗ ಕಾನೂನು ಬದಲಾಗಿದೆ. ನಮ್ಮ ನೆಲದ ಗಂಧ ನಮ್ಮದೇ. ಹೇಳೋಣವೆಂದರೆ ಅವಳಿಲ್ಲ.

ನಿನ್ನೆ ಸಸಿ ನೆಡಲು ಜಾಗ ನೋಡುತ್ತಾ ಬೇಲಿಯಾಚೆ ಕಣ್ಣು ಹಾಯಿಸಿದೆ. ಅದೇ ಮೂರು ಕಲ್ಲುಗಳ ಸುತ್ತ ಗಂಧದ ಸಸಿಗಳು ಸೊಂಟದೆತ್ತರಕ್ಕೆ ಬೆಳೆದು ನಿಂತಿದ್ದವು. ಕೀಳುವ ಕೈ ಇರಲಿಲ್ಲ.