ಬಿಸಿಲು ಬೀಳದ ಟ್ರೇ

ಮೂರು ವರ್ಷದ ಹಿಂದಿನ ಮಾತು. ಹೂಟಗಳ್ಳಿಯ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಹೊರಬಂದ ಮೇಲೆ, ಅದೇ ಊರಿನಲ್ಲಿ ನಮ್ಮ ಮನೆಯ ಮುಂದೆ ಶೆಡ್ಡು ಹಾಕಿಕೊಂಡು ಹಳೆಯ ಕಾರುಗಳ ಪ್ಲಾಸ್ಟಿಕ್ ಭಾಗ ರಿಪೇರಿ ಮಾಡುವ ಕೆಲಸ ಹಿಡಿದಿದ್ದೆ. ಬಿಳಿಚಿಕೊಂಡ ಬಂಪರು, ಸೊಟ್ಟಗಾದ ಡ್ಯಾಶ್‌ಬೋರ್ಡು, ಹಳದಿಗಟ್ಟಿದ ಬಾಗಿಲ ಪಟ್ಟಿ, ಇವೇ ನನ್ನ ರೋಗಿಗಳು. ಎಂಜಿನ್ ಮೆಕ್ಯಾನಿಕ್ಕುಗಳು ನನ್ನನ್ನು ‘ಬ್ಯೂಟಿ ಪಾರ್ಲರ್ ಗೌಡ್ರು’ ಎಂದು ರೇಗಿಸುತ್ತಿದ್ದರು. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು. ನನ್ನ ಕೆಲಸ ಕೆಟ್ಟರೆ ಕಾರು ಲಕ್ಷಣವಾಗಿ ಕಾಣುವುದಿಲ್ಲ ಅಷ್ಟೇ, ಯಾರ ಪ್ರಾಣವೂ ಹೋಗುವುದಿಲ್ಲ.

ಆ ವರ್ಷ ವಿಜಯದಶಮಿ ಕಳೆದ ಎರಡನೆಯ ದಿನ ಸುಧಾ ಮೇಡಂ ಬಂದರು. ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುವವರು, ನಲವತ್ತೈದರ ಆಸುಪಾಸು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲಿನಲ್ಲಿ ಬಲವಿಲ್ಲ. ಊರುಗೋಲಿನ ಮೇಲೆ ನಡೆಯುತ್ತಾರೆ. ಅವರ ಕಾರು ಹದಿನಾರು ವರ್ಷ ಹಳೆಯದು, ಕ್ಲಚ್ ಇಲ್ಲದ ಆಟೋಮ್ಯಾಟಿಕ್. ಕೈಯಲ್ಲೇ ಓಡಿಸಲು ಸ್ಟೀರಿಂಗ್ ಪಕ್ಕ ಒಂದು ಲಿವರ್ ಕೂರಿಸಿದ್ದರು. ಅದನ್ನು ಮುಂದಕ್ಕೆ ತಳ್ಳಿದರೆ ಒಂದು ಕಬ್ಬಿಣದ ರಾಡ್ ಹೋಗಿ ಬ್ರೇಕ್ ಪೆಡಲ್ ಒತ್ತುತ್ತದೆ.

ತೊಂದರೆ ಇದ್ದದ್ದು ಆ ರಾಡಿನ ನೆತ್ತಿಯ ಮೇಲೆ. ಹಳೆಯ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಕಾಗದ, ಕರವಸ್ತ್ರ ಇಡಲು ಒಂದು ಉದ್ದನೆಯ ಪ್ಲಾಸ್ಟಿಕ್ ಟ್ರೇ ಇರುತ್ತಿತ್ತು. ಅದು ನಡುವೆ ಜೋತುಬಿದ್ದು ರಾಡಿಗೆ ತಗುಲುತ್ತಿತ್ತು. ಬೂದು ಬಣ್ಣ ಹೋಗಿ ಅಲ್ಲಿ ಕಂದು ಕಲೆಯೂ ಆಗಿತ್ತು. ಅಂದು ಬೆಳಿಗ್ಗೆ ಗೋಕುಲಂ ತಿರುವಿನಲ್ಲಿ ಬ್ರೇಕ್ ಲಿವರ್ ಅರ್ಧಕ್ಕೇ ಸಿಕ್ಕಿಕೊಂಡಿದೆ. ಮೇಡಂ ಹ್ಯಾಂಡ್‌ಬ್ರೇಕ್ ಎಳೆದು, ಮುಂದಿದ್ದ ಆಟೋಗೆ ಗೇಣುದ್ದ ಇರುವಾಗ ಕಾರು ನಿಲ್ಲಿಸಿದ್ದರು. ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು.

ಟ್ರೇಯನ್ನೇ ಕಿತ್ತು ಬಿಸಾಡೋಣವೆಂದರೆ ಲಿವರಿನ ಬ್ರಾಕೆಟ್ಟು, ಫ್ಯೂಸ್ ಪೆಟ್ಟಿಗೆ ಎರಡೂ ಅದಕ್ಕೇ ಕಚ್ಚಿಕೊಂಡಿದ್ದವು. ಹೊಸದು ಎಲ್ಲೂ ಸಿಗುವುದಿಲ್ಲ. ಆ ಮಾಡೆಲ್ ನಿಂತೇ ಎಷ್ಟೋ ವರ್ಷವಾಗಿತ್ತು. ಲಿವರ್ ಕೂರಿಸಿದ್ದ ಮೆಕ್ಯಾನಿಕ್ ಕಾರನ್ನು ಗುಜರಿಗೆ ಹಾಕಿ ಎಂದಿದ್ದನಂತೆ.

“ಗೌಡ್ರೇ, ಈ ಕಾರು ಹೋದ್ರೆ ನಾನು ಮತ್ತೆ ಇನ್ನೊಬ್ಬರ ಟೈಮಿಗೆ ಕಾಯ್ಬೇಕು. ಹದಿನಾರು ವರ್ಷದಿಂದ ಯಾರಿಗೂ ಕಾದಿಲ್ಲ ನಾನು,” ಎಂದರು.

“ಬುಡಿ ಮೇಡಂ, ಇದೆಲ್ಲ ಬಿಸಿಲ ಕಾಟ. ನಾಳೆ ಸಂಜೆಗೆ ತಗೊಂಡೋಗಿ,” ಎಂದೆ. ಯಾವ ಪ್ಲಾಸ್ಟಿಕ್ ಬಗ್ಗಿದರೂ ಬಿಸಿಲನ್ನು ಬೈಯುವುದು ನನ್ನ ಹಳೆಯ ಚಾಳಿ.

ಪ್ಲಾಸ್ಟಿಕ್ ನೇರ ಮಾಡುವುದು ಅವಸರದವರ ಕೆಲಸವಲ್ಲ. ಹೀಟ್ ಗನ್ ಎಂಬ ಬಿಸಿಗಾಳಿಯ ಯಂತ್ರವನ್ನು ಒಂದೇ ಕಡೆ ಹಿಡಿದರೆ ಗುಳ್ಳೆ ಏಳುತ್ತದೆ, ಆಡಿಸುತ್ತಲೇ ಇರಬೇಕು. ಮೆತ್ತಗಾದ ಮೇಲೆ ಮರದ ಹಲಗೆಗಳ ನಡುವೆ ಇಟ್ಟು, ಕ್ಲ್ಯಾಂಪ್ ಬಿಗಿದು, ತಾನಾಗಿ ಆರಲು ಬಿಡಬೇಕು. ಇಡೀ ರಾತ್ರಿ ಬಿಟ್ಟೆ. ಮಾರನೆಯ ದಿನ ಕಲೆಯನ್ನು ನೀರು ಹಚ್ಚಿದ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬೂದು ಬಣ್ಣ ಕೊಟ್ಟೆ. ಟ್ರೇಗೂ ರಾಡಿಗೂ ನಡುವೆ ಹದಿನೆಂಟು ಮಿಲಿಮೀಟರ್ ಬಂತು. ಮೇಡಂ ಹತ್ತು ಸಲ ಲಿವರ್ ತಳ್ಳಿ ನೋಡಿ ನಗುತ್ತಾ ಹೋದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರು ಮತ್ತೆ ನನ್ನ ಶೆಡ್ಡಿನ ಮುಂದೆ ನಿಂತಿತ್ತು. ಟ್ರೇ ಮೊದಲಿಗಿಂತ ಹೆಚ್ಚೇ ಜೋತಿತ್ತು, ಹೊಸ ಬಣ್ಣ ಸುಕ್ಕುಗಟ್ಟಿತ್ತು.

“ಬಿಸಿ ಟಿಫನ್ ಡಬ್ಬಿ ಏನಾದ್ರೂ ಇಟ್ರಾ?” ಎಂದೆ, ಸ್ವಲ್ಪ ಸಿಡುಕಿಯೇ.

“ಏನೂ ಇಟ್ಟಿಲ್ಲ. ಮನೆಗೆ ಹೋಗಿ ನಿಲ್ಲಿಸಿದ್ದು, ಬೆಳಿಗ್ಗೆ ತೆಗೆದಿದ್ದು.”

“ಅಂಗಾದ್ರೆ ಬಿಸಿಲೇ.”

ಮೇಡಂ ಟ್ರೇ ಕಡೆ ಬೆರಳು ತೋರಿಸಿದರು. “ಗೌಡ್ರೇ, ಸ್ಟೀರಿಂಗ್ ಕೆಳಗೆ ಬಿಸಿಲು ಎಲ್ಲಿ ಬೀಳುತ್ತೆ? ಅದೂ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ?”

ತಪ್ಪು ತೋರಿಸಿದರೆ ನನಗೆ ಕೋಪ ಬರುತ್ತದೆ. ಕೆಲಸದ ಮೇಲೇ ಸಿಟ್ಟು ತೀರಿಸಿಕೊಂಡೆ. ಮತ್ತೆ ಕಾಯಿಸಿದೆ, ಮತ್ತೆ ಬಿಗಿದೆ, ಈ ಸಲ ಅಡಿಗೆ ಅಲ್ಯೂಮಿನಿಯಂ ಪಟ್ಟಿ ಬೇರೆ ಕೂರಿಸಿದೆ. ಎರಡು ದಿನ ಮೇಡಂ ಆಟೋದಲ್ಲಿ ಓಡಾಡಿದರು. ಊರುಗೋಲು ನೋಡಿ ನಿಲ್ಲಿಸದೆ ಹೋದ ಆಟೋಗಳೂ ಇದ್ದವಂತೆ. ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಬ್ಯೂಟಿ ಪಾರ್ಲರ್ ಕೆಲಸದಲ್ಲಿ ಒಬ್ಬರ ಬ್ರೇಕು ನನ್ನ ಕೈಗೆ ಬಂದಿತ್ತು, ಅದು ಯಾಕೆ ಕೈಕೊಡುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯಾಗಿತ್ತು, ಸುಳ್ಳೇಕೆ.

ಮೂರನೆಯ ದಿನ ಸಂಜೆ ನಾನೇ ಕಾರು ಓಡಿಸಿಕೊಂಡು ಹೊರಟೆ, ಮೇಡಂ ಪಕ್ಕದಲ್ಲಿ ಕೂತರು. ರಾತ್ರಿಯಿಡೀ ಕಾರಿನೊಳಗೇ ಕೂತು ಕಾಯುವುದೆಂದು ತೀರ್ಮಾನಿಸಿದ್ದೆ. ಅಷ್ಟೆಲ್ಲ ಬೇಕಾಗಲಿಲ್ಲ.

ಪಾರ್ಕಿಂಗ್‌ನಲ್ಲಿ ಲಿಫ್ಟಿನ ಬಳಿ ಅವರ ತಾಯಿ ಪದ್ಮಮ್ಮನವರು ಕಾಯುತ್ತಿದ್ದರು. ಎಪ್ಪತ್ತೆಂಟರ ಜೀವ, ಕಂಚಿ ಅಂಚಿನ ಸೀರೆ, ಕೈಯಲ್ಲಿ ತೂಕದ ಹಿತ್ತಾಳೆ ತಟ್ಟೆ. ಮೇಡಂ “ನೀವು ಮುಗಿಸಿ ಬನ್ನಮ್ಮ” ಎಂದು ಊರುಗೋಲು ಹಿಡಿದು ಲಿಫ್ಟಿನ ಕಡೆ ನಡೆದರು. ಅಮ್ಮನವರು ಕಾರಿಗೆ ದೃಷ್ಟಿ ತೆಗೆದರು, ಹೆಬ್ಬೆರಳು ಗಾತ್ರದ ಕರ್ಪೂರ ಹಚ್ಚಿ ಸ್ಟೀರಿಂಗಿಗೆ ಮಂಗಳಾರತಿ ಎತ್ತಿದರು. ಆಮೇಲೆ, ಒಡೆದ ತೆಂಗಿನಕಾಯಿ ಸಮೇತ ಉರಿಯುವ ತಟ್ಟೆಯನ್ನು ನಿಧಾನವಾಗಿ ಟ್ರೇ ಮೇಲೆ ಇಟ್ಟು, “ಬನ್ನಿ ಗೌಡ್ರೇ, ಕಾಫಿ ಕುಡಿದು ಹೋಗೋರಂತೆ,” ಎಂದರು.

ನಾನು ಓಡಿಹೋಗಿ ತಟ್ಟೆ ಎತ್ತಿದೆ. ಬೆರಳು ಸುಟ್ಟಿತು. ಊದಲು ಬಾಯಿ ತೆರೆದಿದ್ದೆ.

“ಊದಬಾರದಪ್ಪಾ, ಆರತಿ ತಾನಾಗೇ ಶಾಂತವಾಗಬೇಕು,” ಎಂದು ಅಮ್ಮ ತಡೆದರು.

ಅಂಗಿಯ ತುದಿಯಲ್ಲಿ ತಟ್ಟೆ ಹಿಡಿದು, ಕರ್ಪೂರ ಆರುವವರೆಗೆ ಒಂಟಿಕಾಲ ಮೇಲೆ ಕುಣಿದೆ. ವಿಷಯ ಹೊರಬಂತು. ಹಳೆಯ ಮನೆಯಲ್ಲಿ ತಟ್ಟೆಯನ್ನು ತುಳಸಿಕಟ್ಟೆಯ ಮೇಲೆ ಇಡುತ್ತಿದ್ದರು. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಮೊನ್ನೆ ನಡೆದದ್ದೇ ಮೊದಲ ಆಯುಧಪೂಜೆ. ಚಪ್ಪಲಿ ಓಡಾಡುವ ನೆಲದ ಮೇಲೆ ಇಡುವಂತಿಲ್ಲ, ಊದಿ ಆರಿಸುವಂತಿಲ್ಲ. ಕೈಗೆ ಸಿಕ್ಕಿದ ಶುದ್ಧವಾದ ಜಾಗ ಆ ಟ್ರೇ. ತಟ್ಟೆ ತಣ್ಣಗಾದ ಮೇಲೆ ಅಮ್ಮನವರೇ ಬಂದು ಎತ್ತಿಕೊಂಡು ಹೋಗುತ್ತಿದ್ದರು, ಮಗಳ ಕಣ್ಣಿಗೆ ಬಿದ್ದೇ ಇರಲಿಲ್ಲ. ರಿಪೇರಿಯಾಗಿ ಬಂದ ಗಾಡಿಗೆ ಆರತಿ ಎತ್ತುವುದು ಅವರ ಮನೆಯ ಪದ್ಧತಿ. ಹಾಗಾಗಿ ನಾನು ನೇರ ಮಾಡಿದಷ್ಟೂ ಆರತಿ, ಆರತಿ ಎತ್ತಿದಷ್ಟೂ ನನಗೆ ಕೆಲಸ.

ಅಮ್ಮನವರ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ನನ್ನ ಮಗಳ ಬ್ರೇಕಿಗೆ ಅಡ್ಡ ಬಂದಿದ್ದು ನಾನೇನಾ?” ಎಂದರು.

ಮಾತು ಕೇಳಿ ಲಿಫ್ಟಿನ ಬಳಿಯಿಂದ ತಿರುಗಿ ಬಂದ ಮೇಡಂ ತಾಯಿಯ ಭುಜ ಹಿಡಿದು ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. “ಅಡ್ಡ ಬಂದಿದ್ದು ಗೊತ್ತಾಯ್ತಲ್ಲಮ್ಮ, ಇನ್ನು ಕಾರು ನನ್ನದೇ,” ಎಂದರು. ನನಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸುಟ್ಟ ಬೆರಳಿಗೆ ಅಮ್ಮ ತುಪ್ಪ ಹಚ್ಚಿದರು, ಎರಡು ಲೋಟ ಕಾಫಿ ಕುಡಿದೆ.

ಮರುವಾರ ಒಂದು ಕಪ್ಪು ಗ್ರಾನೈಟ್ ತುಂಡು ಒಯ್ದು, ಅವರ ಪಾರ್ಕಿಂಗ್ ಕಂಬಕ್ಕೆ ಎದೆಮಟ್ಟದಲ್ಲಿ ಪುಟ್ಟ ಕಟ್ಟೆಯಂತೆ ಕೂರಿಸಿಕೊಟ್ಟೆ. ಮರುವರ್ಷದ ಆಯುಧಪೂಜೆಯ ಸಂಜೆ ಪದ್ಮಮ್ಮನವರೇ ಫೋನ್ ಮಾಡಿದರು. “ಗೌಡ್ರೇ, ನಿಮ್ಮ ಕಟ್ಟೆ ಮೇಲೆ ಈಗ ಮೂರು ಮನೆಯವರ ತಟ್ಟೆ. ನನ್ನದಕ್ಕೆ ಜಾಗ ಇಲ್ಲದೆ ಕೈಯಲ್ಲೇ ಹಿಡ್ಕೊಂಡು ನಿಂತಿದೀನಿ. ಟ್ರೇ ತಂಟೆಗೆ ಹೋಗಿಲ್ಲ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಂತೆ, ಬಗ್ಗಿದೆ ಅಂದರೆ ನೇರ ಮಾಡು ಎಂದು ಮೂವತ್ತು ವರ್ಷ ಪ್ಲಾಸ್ಟಿಕ್ ಜತೆ ಬದುಕಿದವನು ನಾನು. ಬಗ್ಗಿಸಿದ್ದು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಯಾವ ಕಾರು ಬಂದರೂ ಹೀಟ್ ಗನ್ ಮುಟ್ಟುವ ಮುಂಚೆ ಕೇಳುತ್ತೇನೆ: ಗಾಡಿ ಮನೆಗೆ ಹೋದ ಮೇಲೆ ಅದನ್ನು ಪ್ರೀತಿಯಿಂದ ನೋಡಿಕೊಳ್ಳುವವರು ಯಾರು, ಅವರು ಅದಕ್ಕೆ ಏನೇನು ಮಾಡುತ್ತಾರೆ?